ಡಿಲೀಟ್ ಒತ್ತಿದ ಮೇಲೆ
(ದತ್ತಿ ಉಪನ್ಯಾಸದ ಪಠ್ಯ)



ದತ್ತಿ ಉಪನ್ಯಾಸಕ್ಕೆ ಮೊಬೈಲಿನ ಮೆಸೇಜನ್ನು ವಿಷಯವಾಗಿ ಆರಿಸಿಕೊಂಡದ್ದು ಕೆಲವರಿಗೆ ಅಚ್ಚರಿ ತಂದಿರಬಹುದು. ಇದು ರಿಪೇರಿ ಅಂಗಡಿಯಲ್ಲಿ ಮುಗಿಯುವ ಮಾತಲ್ಲವೇ ಎಂದು ಕೇಳಬಹುದು. ಆದರೆ ಕಂಪ್ಯೂಟರ್ ವಿಜ್ಞಾನ ಕಲಿಸುವವರ ಬಳಿಗೆ ಊರಿನ ಜನ ಹೊತ್ತು ತರುವ ಪ್ರಶ್ನೆಗಳಲ್ಲಿ ಇಷ್ಟು ನೋವು ತುಂಬಿಕೊಂಡು ಬರುವ ಪ್ರಶ್ನೆ ಮತ್ತೊಂದಿಲ್ಲ. ತೀರಿಕೊಂಡ ತಂದೆ ಕಳಿಸಿದ್ದ ಮೆಸೇಜುಗಳು ಹೊಸ ಫೋನಿಗೆ ಬರಲಿಲ್ಲ ಎನ್ನುವ ಮಕ್ಕಳಿದ್ದಾರೆ. ಬೆದರಿಕೆಯ ಮೆಸೇಜುಗಳನ್ನು ಮನೆಯವರು ನೋಡಿಯಾರು ಎಂಬ ಭಯಕ್ಕೆ ಅಳಿಸಿಹಾಕಿ, ಠಾಣೆಯಲ್ಲಿ ತೋರಿಸಲು ಏನೂ ಇಲ್ಲದೆ ನಿಲ್ಲುವ ಹೆಣ್ಣುಮಕ್ಕಳಿದ್ದಾರೆ. ಮುಂಗಡ ಕೊಟ್ಟದ್ದಕ್ಕೆ ಒಂದು ಮೆಸೇಜೇ ಸಾಕ್ಷಿಯಾಗಿದ್ದ ಸಣ್ಣ ವ್ಯಾಪಾರಿಗಳಿದ್ದಾರೆ. ಎಲ್ಲರೂ ಕೇಳುವುದು ಒಂದೇ: ‘ಹೇಗಾದರೂ ಮಾಡಿ ವಾಪಸು ತರಬಹುದಾ?’

ಹದಿನೈದು ವರ್ಷದ ಹಿಂದಾಗಿದ್ದರೆ ‘ಬಹುಶಃ ತರಬಹುದು’ ಎನ್ನುವುದೇ ಸರಿಯಾದ ಉತ್ತರವಾಗಿತ್ತು. ಈಗ ಬಹಳ ಸಲ ‘ಆ ಫೋನಿನಿಂದ ಆಗುವುದಿಲ್ಲ, ಬೇರೆ ಕಡೆ ಹುಡುಕೋಣ’ ಎನ್ನಬೇಕಾಗುತ್ತದೆ. ಈ ಬದಲಾವಣೆ ಹೇಗೆ ಬಂತು, ಅದರಿಂದ ನಮಗೆ ಆದದ್ದು ಲಾಭವೋ ನಷ್ಟವೋ ಎಂಬುದನ್ನು ಇವತ್ತು ನಿಮ್ಮ ಮುಂದೆ ಇಡುತ್ತೇನೆ.

ಎಸ್ಎಂಎಸ್ಸಿನಿಂದಲೇ ಶುರುಮಾಡೋಣ. 1992ರ ಡಿಸೆಂಬರ್ 3ರಂದು ಬ್ರಿಟನ್ನಿನಲ್ಲಿ ನೀಲ್ ಪ್ಯಾಪ್‌ವರ್ತ್ ಎಂಬ ಯುವ ಎಂಜಿನಿಯರ್ ತನ್ನ ಕಂಪ್ಯೂಟರಿನಿಂದ ವೊಡಾಫೋನಿನ ರಿಚರ್ಡ್ ಜಾರ್ವಿಸ್ ಅವರ ಫೋನಿಗೆ ಕ್ರಿಸ್‌ಮಸ್ ಶುಭಾಶಯ ಕಳಿಸಿದರು. ಎಸ್ಎಂಎಸ್ ಚರಿತ್ರೆಯ ಮೊದಲ ಸಂದೇಶ ಅದು. ಒಂದು ಎಸ್ಎಂಎಸ್ಸಿಗೆ ಸಿಕ್ಕಿದ್ದ ಜಾಗ 140 ಬೈಟು. ಅಕ್ಷರಕ್ಕೆ ಏಳು ಬಿಟ್‌ನಂತೆ ಇಂಗ್ಲಿಷಿನ 160 ಅಕ್ಷರ ಅದರಲ್ಲಿ ಹಿಡಿಸುತ್ತದೆ. ಕನ್ನಡಕ್ಕೆ ಬಂದರೆ ಯೂನಿಕೋಡಿನ ಒಂದೊಂದು ಸಂಕೇತಕ್ಕೂ ಎರಡೆರಡು ಬೈಟು ಬೇಕು, ಆದ್ದರಿಂದ 70 ಸಂಕೇತಕ್ಕೆ ಮುಗಿಯಿತು. ಅದರಲ್ಲೂ ‘ಕ್ಷ’ ಎಂದು ಬರೆದರೆ ಮೂರು ಸಂಕೇತ ಖರ್ಚು. ಮನೆಯ ಸುದ್ದಿ ಹೇಳುವ ಒಂದು ಸಾಧಾರಣ ಕನ್ನಡ ಮೆಸೇಜು ಎರಡು ಮೂರು ತುಂಡಾಗಿ ಪ್ರಯಾಣ ಮಾಡಿ, ತಲುಪಿದ ಫೋನಿನಲ್ಲಿ ಮತ್ತೆ ಒಂದಾಗುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಸ್ವಲ್ಪ ಹೊತ್ತಿನಲ್ಲೇ ಬೇಕಾಗುತ್ತದೆ.

ಕಳಿಸಿದ ಎಸ್ಎಂಎಸ್ ನೇರವಾಗಿ ಆ ಕಡೆಯ ಫೋನಿಗೆ ಹೋಗುವುದಿಲ್ಲ. ಮೊಬೈಲ್ ಕಂಪನಿಯ ಸಂದೇಶ ಕೇಂದ್ರ ಅದನ್ನು ಮೊದಲು ಇಳಿಸಿಕೊಂಡು, ಫೋನು ಸಿಕ್ಕಾಗ ದಾಟಿಸುತ್ತದೆ. ಫೋನು ಆಫ್ ಆಗಿದ್ದರೆ ಕೆಲಕಾಲ ಕಾಯುತ್ತದೆ. ತಲುಪಿಸಿದ ಮೇಲೆ ಆ ಕೇಂದ್ರದ ಕೆಲಸ ಮುಗಿಯಿತು. ಮೆಸೇಜಿನ ಒಕ್ಕಣೆಯನ್ನು ವರ್ಷಗಟ್ಟಲೆ ಕಾಪಿಡುವುದು ಅದರ ಕೆಲಸವಲ್ಲ. ಕಸ್ಟಮರ್ ಕೇರಿಗೆ ಫೋನು ಮಾಡಿ ‘ಹೋದ ವರ್ಷದ ಮೆಸೇಜು ಕೊಡಿ’ ಎಂದರೆ ಸಿಗದಿರುವುದಕ್ಕೆ ಕಾರಣ ಇದೇ. ಕಂಪನಿಯ ಬಳಿ ಉಳಿಯುವುದು ಕರೆ ವಿವರ, ಪೊಲೀಸರ ಮಾತಿನಲ್ಲಿ ಸಿಡಿಆರ್: ಯಾವ ನಂಬರಿನಿಂದ ಯಾವ ನಂಬರಿಗೆ, ಎಷ್ಟು ಹೊತ್ತಿಗೆ. ಇದನ್ನು ಕನಿಷ್ಠ ಎರಡು ವರ್ಷ ಇಟ್ಟಿರಬೇಕೆಂದು ಕೇಂದ್ರದ ದೂರಸಂಪರ್ಕ ಇಲಾಖೆ 2021ರ ಡಿಸೆಂಬರಿನಲ್ಲಿ ನಿಯಮ ಮಾಡಿತು. ಮೊದಲು ಅದು ಒಂದು ವರ್ಷವಿತ್ತು. ಇದು ಸಣ್ಣ ಸಂಗತಿಯಲ್ಲ. ಬೆದರಿಕೆಯ ಮಾತುಗಳು ಅಳಿಸಿಹೋಗಿದ್ದರೂ ಆ ನಂಬರಿನಿಂದ ಆ ರಾತ್ರಿ ಸಾಲುಸಾಲಾಗಿ ಎಸ್ಎಂಎಸ್ ಬಂದದ್ದು ನಿಜ ಎಂದು ತೋರಿಸಲು ತನಿಖಾಧಿಕಾರಿಗೆ ಆ ವಿವರ ಸಾಕಾಗಬಹುದು. ಆದ್ದರಿಂದ ‘ಅಳಿಸಿಬಿಟ್ಟೆ, ಇನ್ನು ದೂರು ಕೊಟ್ಟು ಏನು ಪ್ರಯೋಜನ’ ಎಂದು ಯಾರೂ ಸುಮ್ಮನಾಗಬಾರದು.

ಈಗ ಫೋನಿನ ಒಳಗೆ ಬರೋಣ. ಹಳೆಯ ಕೀಪ್ಯಾಡ್ ಫೋನುಗಳ ಕಾಲದಲ್ಲಿ ಮೆಸೇಜುಗಳು ಸಿಮ್ ಕಾರ್ಡಿನಲ್ಲೇ ಇರುತ್ತಿದ್ದುದು ನಿಮಗೆ ನೆನಪಿರಬಹುದು. ಹತ್ತಿಪ್ಪತ್ತು ತುಂಬಿದರೆ ಸಾಕು, ಜಾಗವಿಲ್ಲ ಎಂದು ಫೋನು ಗೋಗರೆಯುತ್ತಿತ್ತು. ಸಿಮ್ಮಿನಲ್ಲಿ ಒಂದೊಂದು ಮೆಸೇಜಿಗೂ 176 ಬೈಟಿನ ಒಂದು ಖಾನೆ. ಖಾನೆಯ ಮೊದಲ ಬೈಟು ಅದರ ಸ್ಥಿತಿಯನ್ನು ಹೇಳುತ್ತದೆ: 1 ಎಂದಿದ್ದರೆ ಓದಿದ್ದು, 3 ಎಂದಿದ್ದರೆ ಇನ್ನೂ ಓದದ್ದು, 5 ಎಂದಿದ್ದರೆ ಕಳಿಸಿದ್ದು, 0 ಎಂದಿದ್ದರೆ ಖಾಲಿ. ಆ ಕಾಲದ ಎಷ್ಟೋ ಫೋನುಗಳು ಡಿಲೀಟ್ ಒತ್ತಿದಾಗ ಆ ಒಂದು ಬೈಟನ್ನು ಸೊನ್ನೆ ಮಾಡಿ ಸುಮ್ಮನಾಗುತ್ತಿದ್ದವು. ಉಳಿದ 175 ಬೈಟು, ಎಂದರೆ ಕಳಿಸಿದವರ ನಂಬರು, ಹೊತ್ತು, ಬರೆದ ಮಾತು, ಎಲ್ಲ ಇದ್ದಲ್ಲೇ ಇರುತ್ತಿತ್ತು. ಕಾರ್ಡ್ ರೀಡರಿಗೆ ಸಿಮ್ ಹಾಕಿ ಓದಿದರೆ ಬರುತ್ತಿತ್ತು. ಅಳಿಸಿದ ಮೆಸೇಜು ತರಿಸಬಹುದು ಎಂಬ ನಂಬಿಕೆ ನಮ್ಮ ಜನರಲ್ಲಿ ಬೇರೂರಿದ್ದರೆ ಅದಕ್ಕೆ ಆ ಕಾಲದ ಈ ಅನುಭವವೂ ಒಂದು ಕಾರಣ. ಆದರೆ ಉದ್ದನೆಯ ಕನ್ನಡ ಮೆಸೇಜಿನ ತುಂಡುಗಳು ಬೇರೆ ಬೇರೆ ಖಾನೆಗಳಲ್ಲಿ ಕೂತಿರುತ್ತಿದ್ದವು. ಒಂದು ಖಾನೆಯ ಮೇಲೆ ಹೊಸ ಮೆಸೇಜು ಬಂದು ಕೂತಿತೆಂದರೆ ವಾಕ್ಯದ ಅರ್ಧ ಮಾತ್ರ ಕೈಗೆ ಸಿಗುತ್ತಿತ್ತು.

ಸ್ಮಾರ್ಟ್‌ಫೋನ್ ಬಂದ ಮೇಲೆ ಮೆಸೇಜುಗಳು ಸಿಮ್ ಬಿಟ್ಟು ಫೋನಿನ ಸ್ಮೃತಿಗೆ ಬಂದವು. ಆಂಡ್ರಾಯ್ಡಿನಲ್ಲಿ ಎಂಎಂಎಸ್ಎಸ್ಎಂಎಸ್ ಡಾಟ್ ಡಿಬಿ, ಐಫೋನಿನಲ್ಲಿ ಎಸ್ಎಂಎಸ್ ಡಾಟ್ ಡಿಬಿ ಎಂಬ ಕಡತ. ಎರಡೂ ಎಸ್‌ಕ್ಯೂಲೈಟ್ ಎಂಬ ತಂತ್ರಾಂಶದ ಮಾದರಿಯವು. ಅಮೆರಿಕದ ರಿಚರ್ಡ್ ಹಿಪ್ 2000ದಲ್ಲಿ ಅದನ್ನು ಬಿಡುಗಡೆ ಮಾಡಿ ಹಕ್ಕುಸ್ವಾಮ್ಯವಿಲ್ಲದೆ ಲೋಕಕ್ಕೆ ಒಪ್ಪಿಸಿದರು. ಈ ಸಭಾಂಗಣದಲ್ಲಿ ಇರುವ ಪ್ರತಿಯೊಂದು ಸ್ಮಾರ್ಟ್‌ಫೋನಿನಲ್ಲೂ ಅದು ಈ ಕ್ಷಣ ಕೆಲಸ ಮಾಡುತ್ತಿದೆ. ಇಷ್ಟು ದೊಡ್ಡ ಕೊಡುಗೆ ಕೊಟ್ಟವರ ಹೆಸರು ನಮ್ಮ ಪಠ್ಯಪುಸ್ತಕಗಳಲ್ಲಿ ಬರಬೇಕು ಎಂದು ನನ್ನ ಆಸೆ.

ಎಸ್‌ಕ್ಯೂಲೈಟ್ ತನ್ನ ಕಡತವನ್ನು ಪುಟಗಳಾಗಿ ಹಂಚಿಕೊಳ್ಳುತ್ತದೆ, ಪುಟ ಸಾಮಾನ್ಯವಾಗಿ 4096 ಬೈಟಿನದು. ಒಂದು ಪುಟದಲ್ಲಿ ಹಲವು ಮೆಸೇಜು. ನೀವು ಒಂದನ್ನು ಅಳಿಸಿದಾಗ ಅದು ಆ ಜಾಗದ ಮೊದಲ ನಾಲ್ಕು ಬೈಟಿನಲ್ಲಿ ‘ಇಲ್ಲಿ ಇಷ್ಟು ಜಾಗ ಖಾಲಿ, ಮುಂದಿನ ಖಾಲಿ ಜಾಗ ಅಲ್ಲಿದೆ’ ಎಂದು ಬರೆದುಕೊಳ್ಳುತ್ತದೆ. ಬೇರೆ ಏನನ್ನೂ ಒರೆಸಲು ಹೋಗುವುದಿಲ್ಲ. ಹಾಸ್ಟೆಲಿನ ವಾರ್ಡನ್ ತಮ್ಮ ಪುಸ್ತಕದಲ್ಲಿ ಕೋಣೆ ಖಾಲಿ ಎಂದು ಬರೆದುಕೊಂಡಿದ್ದರೂ ಹುಡುಗನ ಟ್ರಂಕು ಇನ್ನೂ ಒಳಗೇ ಇರುವ ಹಾಗೆ. ಹೊಸ ಹುಡುಗ ಬಂದು ಟ್ರಂಕನ್ನು ಹೊರಗೆ ಹಾಕುವವರೆಗೆ ಅದು ಇರುತ್ತದೆ. ಆದರೆ ಅವನು ಇವತ್ತೇ ಬಂದಾನು, ತಿಂಗಳು ಬಿಟ್ಟೂ ಬಂದಾನು. ಒಟಿಪಿ, ರೀಚಾರ್ಜ್ ಜಾಹೀರಾತು, ಬ್ಯಾಂಕಿನ ಸುದ್ದಿ ಎಂದು ದಿನಕ್ಕೆ ಹತ್ತಾರು ಎಸ್ಎಂಎಸ್ ಬೀಳುವ ನಮ್ಮ ಫೋನುಗಳಲ್ಲಿ ಖಾಲಿ ಜಾಗಕ್ಕೆ ಹೊಸಬರು ಬೇಗನೆ ಬರುತ್ತಾರೆ.

ಇನ್ನೊಂದು ಸೂಕ್ಷ್ಮವಿದೆ. 2010ರಿಂದ ಎಸ್‌ಕ್ಯೂಲೈಟಿನಲ್ಲಿ ಬದಲಾವಣೆಗಳನ್ನು ಮೊದಲು ಪಕ್ಕದ ಒಂದು ದಿನಚರಿ ಕಡತದಲ್ಲಿ ಬರೆದು, ಆಮೇಲೆ ಮುಖ್ಯ ಕಡತಕ್ಕೆ ಸೇರಿಸುವ ಕ್ರಮ ಬಂತು. ಹೀಗಾಗಿ ಒಂದೇ ಪುಟದ ಹಳೆಯ ರೂಪ, ಹೊಸ ರೂಪ ಎರಡೂ ಸ್ವಲ್ಪ ಹೊತ್ತು ಜೊತೆಯಲ್ಲೇ ಇರುತ್ತವೆ. ಅಳಿಸುವ ಮುಂಚಿನ ಪುಟ ಆ ದಿನಚರಿಯಲ್ಲಿ ಸಿಕ್ಕಿ ತನಿಖೆಯ ದಿಕ್ಕೇ ಬದಲಾಗಬಹುದು. ಪರೀಕ್ಷಕರು ಫೋನನ್ನು ಸುಮ್ಮಸುಮ್ಮನೆ ತೆರೆದು ಬೆರಳಾಡಿಸಬೇಡಿ ಎಂದು ಗದರುವುದು ಇದಕ್ಕೇ. ಪ್ರತಿ ಚಟುವಟಿಕೆಯೂ ಆ ಹಳೆಯ ಪುಟದ ಮೇಲೆ ಹೊಸದನ್ನು ಬರೆಯಬಹುದು. ಅಳಿಸಿದ ಜಾಗಕ್ಕೆ ಸೊನ್ನೆ ತುಂಬುವ ಏರ್ಪಾಡೂ ಎಸ್‌ಕ್ಯೂಲೈಟಿನಲ್ಲಿದೆ. ಅದನ್ನು ಚಾಲೂ ಮಾಡಿಟ್ಟ ಫೋನಿನಲ್ಲಿ ಖಾಲಿ ಜಾಗ ನಿಜಕ್ಕೂ ಖಾಲಿ.

ಇಲ್ಲಿ ಕನ್ನಡದ ಮಾತು ಬಂದೇ ಬರುತ್ತದೆ. ಕಚ್ಚಾ ದತ್ತಾಂಶದ ರಾಶಿಯಲ್ಲಿ ಇಂಗ್ಲಿಷ್ ಪದಗಳು ಬರಿಗಣ್ಣಿಗೇ ಓದಿಸಿಕೊಳ್ಳುತ್ತವೆ. ಕನ್ನಡ ಓದಿಸಿಕೊಳ್ಳುವುದಿಲ್ಲ. ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಒಂದೊಂದು ಸಂಕೇತವೂ ಮೂರು ಬೈಟು. ಹದಿನಾರರ ಎಣಿಕೆಯಲ್ಲಿ ಮೊದಲೆರಡು ಬೈಟು ಇ0 ಬಿ2 ಅಥವಾ ಇ0 ಬಿ3 ಆಗಿರುತ್ತದೆ. ಇದನ್ನು ಬಲ್ಲ ಪರೀಕ್ಷಕ ಆ ಜೋಡಿ ಸಾಲುಗಟ್ಟಿ ಬಂದಲ್ಲಿ ಇದು ಕನ್ನಡ ಎಂದು ಹಿಡಿಯುತ್ತಾನೆ. ಅರಿಯದವನಿಗೆ ಅದು ಕಸ. ನಮ್ಮ ಜನ ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವುದಂತೂ ಇನ್ನೂ ಕಷ್ಟ. ‘ಬರ್ತೀನಿ’ ಎಂಬ ಒಂದು ಮಾತನ್ನು ಊರಿಗೊಂದು, ಮನೆಗೊಂದು ಸ್ಪೆಲ್ಲಿಂಗಿನಲ್ಲಿ ಬರೆಯುತ್ತಾರೆ. ಯಂತ್ರಕ್ಕೆ ಒಂದು ಪದ ಕೊಟ್ಟು ಹುಡುಕು ಎಂದರೆ ಉಳಿದವು ತಪ್ಪಿಹೋಗುತ್ತವೆ. ಕನ್ನಡ ಬಲ್ಲವರು, ಅದರಲ್ಲೂ ಆ ಸೀಮೆಯ ಮಾತು ಬಲ್ಲವರು ಕುಳಿತು ಓದಬೇಕು. ಇಲ್ಲಿರುವ ವಿದ್ಯಾರ್ಥಿಗಳಿಗೆ ಈ ಕೆಲಸ ತೆರೆದೇ ಇದೆ. ಕನ್ನಡಕ್ಕೂ ಕಂಪ್ಯೂಟರಿಗೂ ಸೇತುವೆ ಕಟ್ಟುವವರು ಬೇಕಾಗಿದ್ದಾರೆ.

ಹಾಗಾದರೆ ಬಾಗಿಲು ಮುಚ್ಚಿದ್ದು ಎಲ್ಲಿ? ಎರಡು ಕಡೆ. ಒಂದು, ಫೋನಿನ ಸ್ಮೃತಿ ಚಿಪ್ಪು. ಜಪಾನಿನ ತೋಶಿಬಾದಲ್ಲಿ ಫುಜಿಯೊ ಮಸುಒಕ 1980ರ ದಶಕದಲ್ಲಿ ರೂಪಿಸಿದ ಫ್ಲ್ಯಾಶ್ ಸ್ಮೃತಿಯಲ್ಲಿ ಬರೆದ ಜಾಗದ ಮೇಲೆ ನೇರವಾಗಿ ತಿದ್ದಿ ಬರೆಯಲಾಗದು. ಹೊಸ ಜಾಗದಲ್ಲಿ ಬರೆದು, ಹಳೆಯ ಜಾಗಗಳನ್ನು ಒಟ್ಟಾಗಿ ಒಮ್ಮೆಗೇ ತೊಳೆಯಬೇಕು. ಯಾವ ಜಾಗ ಇನ್ನು ಬೇಡ ಎಂದು ಫೋನು ಚಿಪ್ಪಿಗೆ ಮೊದಲೇ ತಿಳಿಸುತ್ತದೆ, ಚಿಪ್ಪು ಬಿಡುವಾದಾಗ ತೊಳೆದಿಡುತ್ತದೆ. ಹೀಗಾಗಿ ಕಡತವನ್ನೇ ಅಳಿಸಿದ್ದರೆ ಅದರ ಪಳೆಯುಳಿಕೆ ಬಹಳ ದಿನ ಇರುವುದಿಲ್ಲ.

ಎರಡನೆಯದು ಗೂಢಲಿಪಿ. ಇದೇ ನಿಜವಾದ ತಿರುವು. 2014ರ ಐಒಎಸ್ 8ರ ಹೊತ್ತಿಗೆ ಐಫೋನಿನ ಬಹುಪಾಲು ಮಾಹಿತಿ ಬಳಕೆದಾರರ ಪಾಸ್‌ಕೋಡಿಗೆ ಬೆಸೆದ ಕೀಲಿಯ ಹಿಂದೆ ಹೋಯಿತು. ಆಂಡ್ರಾಯ್ಡಿನಲ್ಲಿ 2016ರ ಏಳನೆಯ ಆವೃತ್ತಿ ಒಂದೊಂದು ಕಡತವನ್ನೂ ಬೇರೆಯಾಗಿ ಬೀಗ ಹಾಕುವ ಕ್ರಮ ತಂದಿತು. 2019ರ ಹತ್ತನೆಯ ಆವೃತ್ತಿಯೊಂದಿಗೆ ಮಾರುಕಟ್ಟೆಗೆ ಬರುವ ಎಲ್ಲ ಹೊಸ ಫೋನುಗಳಿಗೂ ಗೂಢಲಿಪಿ ಕಡ್ಡಾಯವಾಯಿತು. ಮೊದಲೆಲ್ಲ ಒಡೆದ ಫೋನಿನ ಚಿಪ್ಪನ್ನು ಬೆಸುಗೆ ಬಿಡಿಸಿ ತೆಗೆದು ಓದುತ್ತಿದ್ದರು. ಈಗ ಹಾಗೆ ಓದಿದರೆ ಸಿಗುವುದು ಅರ್ಥವಿಲ್ಲದ ಬೈಟುಗಳ ಮುದ್ದೆ. ಫ್ಯಾಕ್ಟರಿ ರೀಸೆಟ್ ಮಾಡಿದಾಗ ಫೋನು ಎಸೆಯುವುದು ಕೀಲಿಯನ್ನು. ಕೀಲಿ ಹೋದ ಮೇಲೆ ಬೀಗದ ಹಿಂದಿನದೆಲ್ಲ ಇದ್ದೂ ಇಲ್ಲದಂತೆಯೇ. ರೀಸೆಟ್ ಆದ ಈಚಿನ ಫೋನಿನಿಂದ ಮೆಸೇಜು ತೆಗೆದುಕೊಡುತ್ತೇನೆ ಎಂದು ಯಾರಾದರೂ ಮುಂಗಡ ಕೇಳಿದರೆ ದಯವಿಟ್ಟು ಕೊಡಬೇಡಿ.

ರೀಸೆಟ್ ಆಗದ ಫೋನಿನ ಕಥೆ ಬೇರೆ. ಪಾಸ್‌ವರ್ಡ್ ಗೊತ್ತಿದೆ, ಅಳಿಸಿ ಹೆಚ್ಚು ದಿನವಾಗಿಲ್ಲ ಎಂದಾದರೆ ಮೆಸೇಜುಗಳ ಕಡತ ಇನ್ನೂ ಜೀವಂತ. ಅದರ ಖಾಲಿ ಪುಟಗಳಲ್ಲಿ, ದಿನಚರಿ ಕಡತದಲ್ಲಿ ಅವಶೇಷ ಇರಬಹುದು. ಆದರೆ ಆ ಕಡತವನ್ನು ಇಡಿಯಾಗಿ ಹೊರತೆಗೆಯಲು ಫೋನಿನ ಒಳಗಿನ ಅಧಿಕಾರ ಬೇಕು. ಅದಕ್ಕೆ ‘ರೂಟ್’ ಮಾಡಿ ಎಂದು ಯೂಟ್ಯೂಬಿನಲ್ಲಿ ಧಾರಾಳವಾಗಿ ಸಲಹೆ ಕೊಡುತ್ತಾರೆ. ರೂಟ್ ಮಾಡಲು ಸಾಮಾನ್ಯವಾಗಿ ಬೂಟ್‌ಲೋಡರಿನ ಬೀಗ ತೆಗೆಯಬೇಕು, ಬೀಗ ತೆಗೆದ ಗಳಿಗೆಯಲ್ಲೇ ಫೋನು ತನ್ನ ಮಾಹಿತಿಯನ್ನೆಲ್ಲ ಅಳಿಸಿಕೊಳ್ಳುತ್ತದೆ. ಇದ್ದಬದ್ದದ್ದನ್ನೂ ಕಳೆದುಕೊಂಡು ಬಂದವರನ್ನು ನೋಡಿ ನನಗೆ ಸಂಕಟವಾಗಿದೆ.

ಇನ್ನು ‘ರಿಕವರಿ’ ಹೆಸರಿನ ಆ್ಯಪುಗಳು. ಸಾಧಾರಣ ಫೋನಿನಲ್ಲಿ ಒಂದು ಆ್ಯಪು ಮತ್ತೊಂದರ ಕಡತದ ಖಾಲಿ ಜಾಗವನ್ನು ಓದಲಾರದು. ವ್ಯವಸ್ಥೆಯೇ ಬಿಡುವುದಿಲ್ಲ. ಹಾಗಾದರೆ ಇವು ಮಾಡುವುದೇನು? ಎಸ್ಎಂಎಸ್ ಓದಲು ಅನುಮತಿ ಕೇಳುತ್ತವೆ. ನೀವು ಆತುರದಲ್ಲಿ ಒಪ್ಪುತ್ತೀರಿ. ಅಳಿಯದೆ ಇರುವ ಮೆಸೇಜುಗಳನ್ನೇ ಪಟ್ಟಿ ಮಾಡಿ ತೋರಿಸಿ, ಉಳಿದದ್ದಕ್ಕೆ ಹಣ ಕಟ್ಟಿ ಎನ್ನುತ್ತವೆ. ಹಣ ಹೋದರೆ ಹೋಯಿತು, ಆದರೆ ಎಸ್ಎಂಎಸ್ ಓದುವ ಅನುಮತಿ ಎಂದರೆ ನಿಮ್ಮ ಬ್ಯಾಂಕಿನ ಒಟಿಪಿ ಓದುವ ಅನುಮತಿ. ಸತ್ತವರ ಮಾತಿಗಾಗಿ ಹಂಬಲಿಸುತ್ತಿರುವ ಮನೆಯವರ ಖಾತೆಗೆ ಕನ್ನ ಹಾಕುವ ದಾರಿ ಇದು. ನನಗೆ ಇದಕ್ಕಿಂತ ಹೇಯವಾದ ಮೋಸ ಗೊತ್ತಿಲ್ಲ. ಅಂಥ ಆ್ಯಪು ಹಾಕಿಕೊಂಡಿದ್ದರೆ ಮನೆಗೆ ಹೋಗುವ ಮೊದಲೇ ತೆಗೆದುಹಾಕಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆಮಾಡಿ.

ಹಾಗಾದರೆ ಹುಡುಕುವುದೆಲ್ಲಿ? ಫೋನಿನ ಚಿಪ್ಪನ್ನು ಬಿಟ್ಟು ನಕಲುಗಳ ಕಡೆ ನೋಡಬೇಕು. ಐಒಎಸ್ 16 ಬಂದ 2022ರಿಂದ ಐಫೋನಿನ ಮೆಸೇಜಿನಲ್ಲಿ ಈಚೆಗೆ ಅಳಿಸಿದವುಗಳದೇ ಒಂದು ವಿಭಾಗವಿದೆ, 30 ದಿನ ಅಲ್ಲಿರುತ್ತವೆ. ಸ್ಯಾಮ್ಸಂಗಿನ ಮೆಸೇಜ್ ಆ್ಯಪಿನ ಕಸದ ಬುಟ್ಟಿಯಲ್ಲೂ ಅಷ್ಟೇ ದಿನ. ಬಹಳ ಜನರ ಸಮಸ್ಯೆ ಇಲ್ಲೇ ಮುಗಿಯುತ್ತದೆ. ಆ ಬುಟ್ಟಿ ಇರುವುದು ಗೊತ್ತಿರಲಿಲ್ಲ, ಅಷ್ಟೆ. ಆಂಡ್ರಾಯ್ಡಿನ ಗೂಗಲ್ ಬ್ಯಾಕಪ್ಪಿನಲ್ಲಿ ಎಸ್ಎಂಎಸ್ ಇರುತ್ತದೆ, ಆದರೆ ಅದನ್ನು ಫೋನನ್ನು ಹೊಸದಾಗಿ ಅಣಿಗೊಳಿಸುವಾಗ ಮಾತ್ರ ಇಳಿಸಿಕೊಳ್ಳುವುದು ವಾಡಿಕೆ. ಬ್ಯಾಕಪ್ಪಿನ ತಾರೀಕು ಅಳಿಸಿದ ದಿನಕ್ಕಿಂತ ಹಿಂದಿನದೇ ಎಂದು ನೋಡದೆ ರೀಸೆಟ್ ಮಾಡಿದರೆ ಮೆಸೇಜು ಬ್ಯಾಕಪ್ಪಿನಲ್ಲೂ ಸಿಗುವುದಿಲ್ಲ, ಫೋನಿನಲ್ಲೂ ಉಳಿಯುವುದಿಲ್ಲ. ಐಕ್ಲೌಡಿನಲ್ಲಿ ಮೆಸೇಜು ಜೋಡಿಸಿಟ್ಟವರಿಗೆ ಒಂದು ಎಚ್ಚರಿಕೆ: ಅಲ್ಲಿ ಅಳಿಸುವಿಕೆಯೂ ಎಲ್ಲ ಸಾಧನಗಳಿಗೆ ಹರಡುತ್ತದೆ. ಮನೆಯಲ್ಲಿ ನೆಟ್ ಇಲ್ಲದೆ ಮೂಲೆಯಲ್ಲಿ ಬಿದ್ದ ಹಳೆಯ ಐಪ್ಯಾಡ್ ಇದ್ದರೆ, ವೈಫೈ ರೂಟರನ್ನು ಆರಿಸಿದ ಮೇಲೆ ಅದನ್ನು ಆನ್ ಮಾಡಿ ನೋಡಿ.

ವಾಟ್ಸಾಪ್ ಆಂಡ್ರಾಯ್ಡ್ ಫೋನುಗಳಲ್ಲಿ ಪ್ರತಿದಿನ ಬೆಳಗಿನ ಜಾವ ಎರಡು ಗಂಟೆಗೆ ಫೋನಿನ ಒಳಗೇ ಒಂದು ಬ್ಯಾಕಪ್ ಮಾಡುತ್ತದೆ, ಏಳು ದಿನದವರೆಗಿನದನ್ನು ಇಟ್ಟುಕೊಳ್ಳುತ್ತದೆ. ಎಂದರೆ ನಿನ್ನೆ ಸಂಜೆ ಅಳಿಸಿದ್ದು ಮೊನ್ನೆಯ ಬ್ಯಾಕಪ್ಪಿನಲ್ಲಿ ಇದ್ದೀತು. ಅದಕ್ಕೆ ಹಿಂತಿರುಗುವ ಮೊದಲು ಆ ಕಡತಗಳನ್ನೆಲ್ಲ ಕಂಪ್ಯೂಟರಿಗೆ ನಕಲು ಮಾಡಿಕೊಳ್ಳಿ, ಏಕೆಂದರೆ ಈಚಿನ ಮಾತುಕತೆ ಅಲ್ಲಿ ಇರುವುದಿಲ್ಲ. ಆಂಡ್ರಾಯ್ಡ್ 11ರಿಂದ ಈಚೆಗೆ ಸೂಚನೆಗಳ ಇತಿಹಾಸ ಎಂಬ ಸೌಲಭ್ಯವಿದೆ. ಮೊದಲೇ ಚಾಲೂ ಮಾಡಿಟ್ಟಿದ್ದರೆ ಕಳೆದ 24 ಗಂಟೆಯ ಸೂಚನೆಗಳು ಅಲ್ಲಿ ಕಾಣುತ್ತವೆ.

ಇವೆಲ್ಲಕ್ಕಿಂತ ಒಳ್ಳೆಯ ದಾರಿಯನ್ನು ಜನ ಮರೆಯುತ್ತಾರೆ. ಮೆಸೇಜಿಗೆ ಎರಡು ತುದಿ. ನಿಮ್ಮ ಫೋನಿನಲ್ಲಿ ಅಳಿದದ್ದು ಆ ಕಡೆಯವರ ಫೋನಿನಲ್ಲಿ ಇದ್ದೀತು. ತಂದೆಯ ಮೆಸೇಜು ಬೇಕಾದರೆ ತಂದೆಯ ಫೋನನ್ನು ಯಾರಿಗೂ ಕೊಡದೆ, ಮಾರದೆ, ಚಾರ್ಜ್ ಮಾಡಿ ತೆರೆಯಿರಿ. ಚಿಕ್ಕಪ್ಪ, ಅತ್ತೆ, ಸ್ನೇಹಿತರನ್ನು ಕೇಳಿ. ಮನೆಯವರ ಗುಂಪಿನಲ್ಲಿ ಬರೆದದ್ದು ಹತ್ತು ಫೋನಿನಲ್ಲಿ ಇರುತ್ತದೆ.

ಸಾಕ್ಷಿಯ ಮಾತಿಗೆ ಬಂದರೆ ಮೆಸೇಜು ಸಿಕ್ಕರಷ್ಟೇ ಸಾಲದು, ಅದು ತಿದ್ದಿದ್ದಲ್ಲ ಎಂದು ತೋರಿಸಬೇಕು. ವಿದ್ಯುನ್ಮಾನ ದಾಖಲೆಯ ನಕಲಿನ ಜೊತೆ ಪ್ರಮಾಣಪತ್ರ ಬೇಕೇ ಬೇಕು ಎಂದು ಸುಪ್ರೀಂ ಕೋರ್ಟ್ 2020ರ ಅರ್ಜುನ್ ಪಂಡಿತ್‌ರಾವ್ ಖೋತ್ಕರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಕಲಮಿನ ಪ್ರಮಾಣಪತ್ರದಲ್ಲಿ ಹ್ಯಾಶ್ ಮೌಲ್ಯವನ್ನೂ ನಮೂದಿಸಬೇಕು. ಕಡತದ ಒಂದು ಅಕ್ಷರ ಬದಲಾದರೂ ಆ ಸಂಖ್ಯೆ ಬೇರೆಯಾಗುತ್ತದೆ. ಮೂಲ ಫೋನನ್ನೇ ಹಾಜರುಪಡಿಸಬಹುದಾದರೆ ಪ್ರಮಾಣಪತ್ರದ ಪ್ರಶ್ನೆ ಏಳುವುದಿಲ್ಲ ಎಂದೂ 2020ರ ಆ ತೀರ್ಪೇ ಹೇಳುತ್ತದೆ. ಆದ್ದರಿಂದ ಸ್ಕ್ರೀನ್‌ಶಾಟ್ ತೆಗೆದು ಫೋನನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. ಬೆದರಿಕೆ ಬಂದವರು ಮೆಸೇಜನ್ನು ಅಳಿಸದೆ, ನಂಬಿಗಸ್ತರೊಬ್ಬರಿಗೆ ತೋರಿಸಿ, ಫೋನನ್ನು ಹಾಗೆಯೇ ಇಟ್ಟುಕೊಳ್ಳಿ. ಅಳಿಸಿದ್ದರೂ ಬೆಂಗಳೂರಿನ ಮಡಿವಾಳದ ವಿಧಿವಿಜ್ಞಾನ ಪ್ರಯೋಗಾಲಯದಂಥ ಕಡೆಗೆ ಪೊಲೀಸರ ಮೂಲಕ ಹೋಗುವ ದಾರಿ ಇದೆ. ರಿಪೇರಿ ಅಂಗಡಿಯಲ್ಲಿ ಒಮ್ಮೆ ಬಿಚ್ಚಿದ ಫೋನು ಆಮೇಲೆ ಕೋರ್ಟಿನಲ್ಲಿ ನೂರು ಪ್ರಶ್ನೆಗೆ ಉತ್ತರಿಸಬೇಕಾಗುತ್ತದೆ.

ಈಗ ಶುರುವಿನಲ್ಲಿ ಎತ್ತಿದ ಪ್ರಶ್ನೆ: ಲಾಭವೋ, ನಷ್ಟವೋ? ಅಳಿಸಿದ್ದು ನಿಜವಾಗಿ ಅಳಿಯುವುದು ಒಳ್ಳೆಯದು ಎಂದು ನಾನು ದೃಢವಾಗಿ ನಂಬುತ್ತೇನೆ. ತವರಿಗೆ ಮೆಸೇಜು ಮಾಡಿ, ಗಂಡನ ಕಣ್ಣಿಗೆ ಬೀಳದಂತೆ ಅಳಿಸುವ ಹೆಣ್ಣುಮಗಳೊಬ್ಬಳನ್ನು ನೆನೆಯಿರಿ. ಹಳೆಯ ಫೋನುಗಳ ಅರೆಬರೆ ಅಳಿಸುವಿಕೆ ಅವಳ ಬೆನ್ನಿಗೆ ಚೂರಿ ಹಾಕುತ್ತಿತ್ತು. ಮಾರಿದ ಫೋನಿನಿಂದ ಹಳೆಯ ಮಾಲೀಕರ ಬದುಕನ್ನು ಓದಬಹುದಾಗಿದ್ದ ಕಾಲ ಮತ್ತೆ ಬರುವುದು ಬೇಡ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಒಮ್ಮತದಿಂದ ಸಾರಿತು. ಆ ಮೊಕದ್ದಮೆ ಹೂಡಿದವರು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ತನ್ನ ಮಾತನ್ನು ತಾನೇ ಅಳಿಸಿಕೊಳ್ಳುವ ಅಧಿಕಾರ ಆ ಹಕ್ಕಿನಿಂದ ಬೇರೆಯಲ್ಲ ಎಂದು ನನ್ನ ಎಣಿಕೆ. ಮಗಳಿಗೆ ತಂದೆಯ ಮೆಸೇಜು ಸಿಗದಂತೆ ತಡೆದ ಬೀಗವೇ ಇನ್ನೊಬ್ಬ ಮಗಳನ್ನು ಕಾಪಾಡುತ್ತಿದೆ. ಒಬ್ಬರಿಗಾಗಿ ಒಡೆದರೆ ಅದು ಎಲ್ಲರಿಗೂ ಒಡೆಯುತ್ತದೆ.

ಆದರೆ ಬೀಗ ಗಟ್ಟಿಯಾಗಿರಬೇಕು ಎನ್ನುವವರು ಬೀಗ ಹಾಕುವ ಮೊದಲು ಬಳಕೆದಾರರಿಗೆ ಅವರ ಭಾಷೆಯಲ್ಲಿ ಹೇಳಬೇಕು. ಎಲ್ಲ ಫೋನುಗಳಲ್ಲೂ ಆ 30 ದಿನದ ಬುಟ್ಟಿ ಇರಬೇಕು. ಅದು ಬೇಡವೆನ್ನುವವರಿಗೆ ಕೂಡಲೇ ಅಳಿಸುವ ದಾರಿಯೂ ಪಕ್ಕದಲ್ಲೇ ಇರಬೇಕು. ‘ಇದನ್ನು ಇನ್ನು ಯಾರೂ ತರಲಾರರು’ ಎಂಬ ಎಚ್ಚರಿಕೆ ಹಳ್ಳಿಯ ಅಜ್ಜಿಗೂ ತಿಳಿಯುವ ಕನ್ನಡದಲ್ಲಿ ಮೂಡಬೇಕು. ತೀರಿಕೊಂಡ ಮೇಲೆ ತನ್ನ ಖಾತೆಯನ್ನು ಯಾರು ತೆರೆಯಬಹುದೆಂದು ಹೇಳಿಡುವ ಸೌಲಭ್ಯ ಗೂಗಲಿನಲ್ಲಿ 2013ರಿಂದ, ಆಪಲ್‌ನಲ್ಲಿ 2021ರಿಂದ ಇದೆ. ಎಲ್ಐಸಿ ಪಾಲಿಸಿಗೆ ನಾಮಿನಿ ಬರೆಸುವ ನಮ್ಮ ಮನೆಗಳಲ್ಲಿ ಇದನ್ನು ಬರೆಸಿದವರನ್ನು ನಾನು ಹೆಚ್ಚಾಗಿ ಕಂಡಿಲ್ಲ. ಇವತ್ತು ಮನೆಗೆ ಹೋಗಿ ಅಪ್ಪ ಅಮ್ಮನ ಪಕ್ಕ ಕುಳಿತು, ಅವರ ಫೋನಿನಲ್ಲಿ ಅವರ ಒಪ್ಪಿಗೆಯಿಂದ ಇದನ್ನು ಮಾಡಿಸಿಕೊಡಿ ಎಂದು ವಿದ್ಯಾರ್ಥಿಗಳನ್ನು ಕೇಳಿಕೊಳ್ಳುತ್ತೇನೆ. ಬೇಕಾದ ಮಾತುಕತೆಯನ್ನು ವಾಟ್ಸಾಪಿನ ‘ಎಕ್ಸ್‌ಪೋರ್ಟ್ ಚಾಟ್’ ಒತ್ತಿ ಕಂಪ್ಯೂಟರಿನಲ್ಲಿ ಇಳಿಸಿಡಿ. ಎಸ್ಎಂಎಸ್ಸಾದರೆ ಸ್ಕ್ರೀನ್‌ಶಾಟ್ ತೆಗೆದು ಕಾಗದದ ಮೇಲೆ ಅಚ್ಚುಹಾಕಿಸಿಡಿ.

ಪ್ರಶ್ನೋತ್ತರಕ್ಕೆ ಸಮಯ ಉಳಿಸಿದ್ದೇನೆ. ಮೆಸೇಜು ಕಳೆದುಕೊಂಡ ಫೋನನ್ನು ಇಲ್ಲಿಗೆ ತಂದವರು ಇದ್ದರೆ ದಯವಿಟ್ಟು ಬೇರೇನನ್ನೂ ಒತ್ತದೆ, ಏರೋಪ್ಲೇನ್ ಮೋಡಿಗೆ ಹಾಕಿ, ಹಾಗೆಯೇ ಮುಂದೆ ಬನ್ನಿ. ಯಾವ ದಿನ ಅಳಿಸಿದಿರಿ, ಆಮೇಲೆ ಏನೇನು ಮಾಡಿದಿರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಒಳ್ಳೆಯದು. ಒಬ್ಬೊಬ್ಬರಾಗಿ ನೋಡೋಣ.